ಮೀನುಹಲ್ಲಿಯೂ ಬಡಗಿಯ ಮಗಳೂ

ನಮ್ಮ ಶಾಲೆಯ ಕಚೇರಿ ಕೊಠಡಿಯಲ್ಲಿರುವ ಗಾಜಿನ ಬೀರುವನ್ನು ಇಲ್ಲಿ ಓದಿದ ಯಾರೂ ಮರೆತಿರಲಾರರು. ಬಹುಮಾನದ ಬಟ್ಟಲುಗಳು, ಬಣ್ಣಗೆಟ್ಟ ಒಂದು ಭೂಗೋಳ, ತುಕ್ಕು ಹಿಡಿದ ತಕ್ಕಡಿ ಇವುಗಳ ನಡುವೆ, ಕೆಳಗಿನ ಹಲಗೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಸುರುಳಿಗಲ್ಲು ಇದೆ. ಅದರ ಮುಂದೆ ಹಳದಿಗಟ್ಟಿದ ಒಂದು ಚೀಟಿ. ಹಿಂದಿನ ಅಧ್ಯಾಪಕರೊಬ್ಬರ ದುಂಡಾದ ಅಕ್ಷರಗಳಲ್ಲಿ ಅದರ ಮೇಲೆ ಹೀಗೆ ಬರೆದಿದೆ: ‘ಸುರುಳಿಗಲ್ಲು. ಸಿಕ್ಕಿದ ಸ್ಥಳ: ಅರಿಯಲೂರು. ತಂದುಕೊಟ್ಟವರು:’ ಬರಹ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಜಾಗ ಖಾಲಿ.

ಶತಮಾನೋತ್ಸವದ ನಿಮಿತ್ತ ಬೀರುವಿನ ಧೂಳು ಒರೆಸುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಆ ಚೀಟಿಯನ್ನು ಓದಿ, “ಟೀಚರ್, ಇದನ್ನ ಹುಡುಕಿದ್ದು ಯಾರು?” ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಇತಿಹಾಸ ಓದಿದವಳು. ಭೂವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ಮಗುವಿನ ಪ್ರಶ್ನೆ ಮೂಲತಃ ಇತಿಹಾಸದ ಪ್ರಶ್ನೆಯೇ ಆದುದರಿಂದ, ಅದೇ ಪ್ರಶ್ನೆ ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಕಡಲೂರಿನಲ್ಲಿ ಹೇಗೆ ಎದ್ದಿತು, ಅದಕ್ಕೆ ಉತ್ತರ ಸಿಗಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಲ್ಲಿನ ಮಾತು. ಬೀರುವಿನಲ್ಲಿರುವುದು ಅಮೋನೈಟ್ ಎಂಬ ಕಡಲ ಜೀವಿಯ ಚಿಪ್ಪು ಕಲ್ಲಾದ ರೂಪ. ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರವೂ ಇದೇ ಜಾತಿಯ ಜೀವಿಯ ಗುರುತು. ಸಾಲಿಗ್ರಾಮವನ್ನು ನಾವು ಪೂಜಿಸಿದೆವು. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಸೀಮೆಯ ಜನ ಅಂಥದೇ ಕಲ್ಲನ್ನು ‘ಹಾವುಗಲ್ಲು’ ಎಂದು ಕರೆದು, ಬೇಸಿಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ಸಿರಿವಂತರಿಗೆ ಮೇಜಿನ ಮೇಲಿಟ್ಟು ಮಾರಿದರು. ಹಾಗೆ ಮಾರುತ್ತಿದ್ದವರಲ್ಲಿ ಲೈಮ್ ರೀಜಿಸ್ ಎಂಬ ಊರಿನ ಬಡಗಿ ರಿಚರ್ಡ್ ಆ್ಯನಿಂಗ್ ಒಬ್ಬರು. ಅವರ ಮಗಳು ಮೇರಿ ಹುಟ್ಟಿದ್ದು 1799ರ ಮೇ 21ರಂದು.

ಆ ದಂಪತಿಗಳಿಗೆ ಹುಟ್ಟಿದ ಮಕ್ಕಳಲ್ಲಿ ಬದುಕಿ ಬೆಳೆದವರು ಇಬ್ಬರೇ: ಜೋಸೆಫ್ ಮತ್ತು ಮೇರಿ. ಮೇರಿ ಎಂಬ ಹೆಸರೂ ಬೆಂಕಿ ತಗುಲಿ ತೀರಿಕೊಂಡ ಅಕ್ಕನದು. ಅದನ್ನೇ ಹಿಂದೆ ಹುಟ್ಟಿದವಳಿಗೆ ಇಟ್ಟರು. ಕೂಸಿಗೆ ಹದಿನೈದು ತಿಂಗಳಾಗಿದ್ದಾಗ, ಎತ್ತಿಕೊಂಡಿದ್ದ ನೆರೆಯ ಹೆಂಗಸು ಇನ್ನಿಬ್ಬರೊಡನೆ ಮಳೆಗೆ ಮರದಡಿ ನಿಂತಿದ್ದಳು. ಸಿಡಿಲು ಬಡಿದು ಮೂವರೂ ಸತ್ತರು, ಮಗು ಉಳಿಯಿತು. ಮಗು ಮುಂದೆ ಚುರುಕಾದದ್ದು ಆ ಸಿಡಿಲಿನಿಂದಲೇ ಎಂದು ಊರವರು ಹೇಳಿಕೊಳ್ಳುತ್ತಿದ್ದರು. ಹೆಣ್ಣುಮಗುವಿನ ಬುದ್ಧಿಗೆ ಸಿಡಿಲಿನ ಕಾರಣವನ್ನಾದರೂ ಹುಡುಕಬೇಕಾಗಿತ್ತೇನೋ!

ಮೇರಿ ಶಾಲೆಗೆ ಹೋಗಿ ಕ್ರಮವಾಗಿ ಓದಿದವಳಲ್ಲ. ಪ್ರಾರ್ಥನಾಮಂದಿರದವರು ಭಾನುವಾರಗಳಂದು ನಡೆಸುತ್ತಿದ್ದ ಪಾಠದಲ್ಲಿ ಓದುಬರಹ ಕಲಿತಳು, ಅಷ್ಟೆ. ಉಳಿದದ್ದನ್ನೆಲ್ಲ ಕಲಿಸಿದ್ದು ತಂದೆ ಮತ್ತು ಬಂಡೆ. ಲೈಮ್ ತೀರದ ಕಡಿದಾದ ಬಂಡೆಗಳು ಸುಣ್ಣಗಲ್ಲು ಮತ್ತು ಜೇಡಿಗಲ್ಲುಗಳ ಪದರಗಳಿಂದಾದವು. ಸುಮಾರು 20 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಕೆಸರು. ಚಳಿಗಾಲದ ಮಳೆಗೂ ಅಲೆಗಳಿಗೂ ಅವು ಕುಸಿಯುತ್ತವೆ. ಕುಸಿದಾಗ ಒಳಗಿನದು ಹೊರಗೆ ಕಾಣುತ್ತದೆ. ಆದರೆ ಮುಂದಿನ ಭರತ ಬಂದು ಕೊಚ್ಚಿಕೊಂಡು ಹೋಗುವುದರೊಳಗೆ ಅದನ್ನು ಎತ್ತಿಕೊಳ್ಳಬೇಕು. ಹೀಗಾಗಿ ಪಳೆಯುಳಿಕೆ ಹುಡುಕುವವರಿಗೆ ಸುಗ್ಗಿಯೆಂದರೆ ಅತ್ಯಂತ ಕೆಟ್ಟ ಹವೆಯ ತಿಂಗಳುಗಳು. ರಿಚರ್ಡ್ ಬಂಡೆಯಿಂದ ಬಿದ್ದು ಗಾಯಗೊಂಡಿದ್ದರು, ಕ್ಷಯವೂ ಇತ್ತು; 1810ರಲ್ಲಿ ತೀರಿಕೊಂಡರು. ಬಿಟ್ಟುಹೋದದ್ದು 120 ಪೌಂಡ್ ಸಾಲ. ತಾಯಿ ಮತ್ತು ಮಕ್ಕಳು ಚರ್ಚಿನ ಬಡವರ ನಿಧಿಯಿಂದ ಬರುವ ನೆರವಿನಲ್ಲಿ ದಿನ ನೂಕಬೇಕಾಯಿತು.

ಮರುವರ್ಷ, 1811ರಲ್ಲಿ, ಜೋಸೆಫನ ಕಣ್ಣಿಗೆ ಬಂಡೆಯಲ್ಲಿ ಒಂದು ತಲೆಬುರುಡೆ ಬಿತ್ತು. ನಾಲ್ಕು ಅಡಿ ಉದ್ದ, ಚೂಪು ಮೂತಿ, ಸಾಲುಸಾಲು ಹಲ್ಲು, ತಟ್ಟೆಯಂಥ ಕಣ್ಣುಗುಳಿ. ಮೊಸಳೆ ಎಂದುಕೊಂಡರು. ದೇಹ ಸಿಗಲಿಲ್ಲ, ಆ ಜಾಗವನ್ನು ಕುಸಿದ ಮಣ್ಣು ಮುಚ್ಚಿಹಾಕಿತ್ತು. ಜೋಸೆಫ್ ಕುರ್ಚಿಗಳಿಗೆ ಗವಸು ಹೊದಿಸುವ ಕಸುಬು ಕಲಿಯಲು ಸೇರಿದ. ಹುಡುಕಾಟ ತಂಗಿಯ ಪಾಲಿಗೆ ಬಂತು. 1812ರಲ್ಲಿ ಹನ್ನೆರಡು-ಹದಿಮೂರರ ಆ ಹುಡುಗಿ ಉಳಿದ ಎಲುಬುಗೂಡನ್ನು ಪತ್ತೆಹಚ್ಚಿದಳು. ಕೂಲಿಯವರನ್ನು ಹಿಡಿದು ಅಗೆಸಿದಳು. ತಲೆಯಿಂದ ಬಾಲದವರೆಗೆ ಸುಮಾರು 17 ಅಡಿ.

ಮುಂದಿನದನ್ನು ಲೆಕ್ಕಪುಸ್ತಕ ಓದುವಂತೆ ಓದಬಹುದು. ಊರಿನ ಜಮೀನುದಾರ ಹೆನ್ಲಿ 23 ಪೌಂಡ್ ಕೊಟ್ಟು ಅದನ್ನು ಕೊಂಡರು. ಅವರಿಂದ ಅದು ಲಂಡನ್ನಿನಲ್ಲಿ ವಿಲಿಯಂ ಬುಲಕ್ ಎಂಬುವರು ನಡೆಸುತ್ತಿದ್ದ ಪ್ರದರ್ಶನಾಲಯಕ್ಕೆ ಹೋಯಿತು. 1819ರಲ್ಲಿ ಹರಾಜಾದಾಗ ಬ್ರಿಟಿಷ್ ಮ್ಯೂಸಿಯಂ 45 ಪೌಂಡ್ 5 ಶಿಲಿಂಗಿಗೆ ತೆಗೆದುಕೊಂಡಿತು. ತಲೆಬುರುಡೆ ಈಗಲೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. 1814ರಲ್ಲಿ ಎವೆರಾರ್ಡ್ ಹೋಮ್ ಎಂಬ ಹೆಸರಾಂತ ಶಸ್ತ್ರವೈದ್ಯರು ಈ ಪ್ರಾಣಿಯ ಬಗ್ಗೆ ಮೊದಲ ವೈಜ್ಞಾನಿಕ ಪ್ರಬಂಧ ಬರೆದರು. ಅದು ಮೀನೋ ಮೊಸಳೆಯೋ ಎಂದು ಅವರಿಗೆ ತೀರ್ಮಾನಿಸಲಾಗಲಿಲ್ಲ, ಅದು ತಪ್ಪಲ್ಲ. ಅಂಥ ಪ್ರಾಣಿಯನ್ನು ಅಲ್ಲಿಯವರೆಗೆ ಯಾರೂ ಅಷ್ಟು ಪೂರ್ಣವಾಗಿ ಕಂಡಿರಲಿಲ್ಲ. ಆದರೆ ಎಲುಬುಗಳನ್ನು ಕಲ್ಲಿನಿಂದ ಅಷ್ಟು ಅಚ್ಚುಕಟ್ಟಾಗಿ ಬಿಡಿಸಿದ ಕೀರ್ತಿಯನ್ನು ಅವರು ಪ್ರದರ್ಶನಾಲಯದ ನೌಕರರಿಗೆ ಕೊಟ್ಟರು. ಲೈಮ್‌ನ ಬಡಗಿಯ ಮಕ್ಕಳ ಹೆಸರು ಆ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ.

ಆ ಪ್ರಾಣಿಗೆ ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಕೋನಿಗ್ ಸೂಚಿಸಿದ ಹೆಸರು ಉಳಿದುಕೊಂಡಿತು: ಇಕ್ತಿಯೋಸಾರಸ್. ಗ್ರೀಕ್ ಮೂಲದ ಈ ಪದವನ್ನು ‘ಮೀನುಹಲ್ಲಿ’ ಎಂದು ಕನ್ನಡಿಸಬಹುದು. ಈಗ ತಿಳಿದಿರುವಂತೆ ಅದು ಮೀನೂ ಅಲ್ಲ, ಮೊಸಳೆಯೂ ಅಲ್ಲ, ಡೈನೋಸಾರೂ ಅಲ್ಲ. ನೆಲದ ಮೇಲೆ ಓಡಾಡುತ್ತಿದ್ದ ಸರೀಸೃಪಗಳ ಒಂದು ಕವಲು ಕಡಲಿಗೆ ಮರಳಿ, ಅಲ್ಲಿಯ ಬಾಳಿಗೆ ತಕ್ಕಂತೆ ಮೈ ಬದಲಾಯಿಸಿಕೊಂಡಿತು. ಕಾಲುಗಳು ಈಜುರೆಕ್ಕೆಗಳಾದವು; ಆದರೂ ಆ ರೆಕ್ಕೆಯೊಳಗೆ ಬೆರಳೆಲುಬುಗಳು ಕಲ್ಲು ಹಾಸಿದ ಅಂಗಳದಂತೆ ಒತ್ತೊತ್ತಾಗಿ ಕೂತಿವೆ. ನೋಟಕ್ಕೆ ಡಾಲ್ಫಿನ್, ಆದರೆ ಬಾಲ ಮೀನಿನದರಂತೆ ನೆಟ್ಟಗೆ ನಿಂತದ್ದು. ಶ್ವಾಸಕೋಶದಿಂದ ಉಸಿರಾಡುತ್ತಿದ್ದುದರಿಂದ ಆಗಾಗ ನೀರಿನ ಮೇಲೆ ಬರಲೇಬೇಕಿತ್ತು. ಕೆಲವು ಜಾತಿಗಳ ಕಣ್ಣು 20 ಸೆಂಟಿಮೀಟರಿಗಿಂತ ಅಗಲ; ಆಳದ ಒತ್ತಡಕ್ಕೆ ಕಣ್ಣು ಅಪ್ಪಚ್ಚಿಯಾಗದಂತೆ ಸುತ್ತಲೂ ಎಲುಬಿನ ಬಳೆಯೊಂದು ಇರುತ್ತಿತ್ತು. ದಡಕ್ಕೆ ಬಂದು ಮೊಟ್ಟೆಯಿಡುವ ಹಾಗಿರಲಿಲ್ಲ, ಮರಿಯನ್ನೇ ಹಾಕುತ್ತಿತ್ತು. ಜರ್ಮನಿಯ ಹೋಲ್ಜ್‌ಮಾಡೆನ್ ಎಂಬಲ್ಲಿ ಹೊಟ್ಟೆಯೊಳಗೆ ಮರಿಗಳಿರುವ ತಾಯಿ ಪಳೆಯುಳಿಕೆಗಳು ಸಿಕ್ಕಿವೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡ ಈ ವಂಶ, ಡೈನೋಸಾರುಗಳು ಅಳಿಯುವುದಕ್ಕಿಂತ ಬಹಳ ಮೊದಲೇ, ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲವಾಯಿತು.

ಇದೆಲ್ಲ ಇಂದು ನಮ್ಮ ಮಕ್ಕಳಿಗೆ ಚಿತ್ರಪುಸ್ತಕದ ಮಾತು. 1812ರಲ್ಲಿ ಹಾಗಿರಲಿಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷಗಳ ವಯಸ್ಸೆಂದು ಆ ನಾಡಿನ ಬಹುಮಂದಿ ನಂಬಿದ್ದರು. ಸೃಷ್ಟಿಯಾದ ಜೀವಿಯೊಂದು ಪೂರ್ತಿ ಅಳಿದುಹೋಗಬಹುದು ಎಂಬ ವಿಚಾರವನ್ನು ಪ್ಯಾರಿಸಿನ ಜಾರ್ಜ್ ಕುವಿಯೆ ಆನೆಯ ಎಲುಬುಗಳನ್ನು ಮುಂದಿಟ್ಟು ಆಗಷ್ಟೇ ವಾದಿಸತೊಡಗಿದ್ದರು. ಅಂಥ ಹೊತ್ತಿನಲ್ಲಿ, ಇಂದಿನ ಯಾವ ಪ್ರಾಣಿಯನ್ನೂ ಸರಿಯಾಗಿ ಹೋಲದ ಹದಿನೇಳು ಅಡಿಯ ದೇಹವೊಂದು ಬಂಡೆಯಿಂದ ಎದ್ದು ಬಂದಿತ್ತು.

ಮೇರಿಯ ಮನೆಯಲ್ಲಂತೂ ಬಡತನ ಹೋಗಲಿಲ್ಲ. 1820ರಲ್ಲಿ ಬಾಡಿಗೆ ಕಟ್ಟಲು ಮನೆಯ ಮೇಜು-ಕುರ್ಚಿಗಳನ್ನೇ ಮಾರಹೊರಟಿದ್ದರು. ಅವರಲ್ಲಿ ಆಗಾಗ ಪಳೆಯುಳಿಕೆ ಕೊಳ್ಳುತ್ತಿದ್ದ ನಿವೃತ್ತ ಸೇನಾಧಿಕಾರಿ ಥಾಮಸ್ ಬರ್ಚ್ ಅದನ್ನು ಕಂಡು, ತಮ್ಮ ಸಂಗ್ರಹವನ್ನೇ ಲಂಡನ್ನಿನಲ್ಲಿ ಹರಾಜಿಗಿಟ್ಟು, ಬಂದ ಸುಮಾರು 400 ಪೌಂಡನ್ನು ಆ ಕುಟುಂಬಕ್ಕಾಗಿ ಕೊಟ್ಟರು. ನಾವು ಮೆಚ್ಚುವ ವಸ್ತುಗಳನ್ನೆಲ್ಲ ಹುಡುಕಿಕೊಟ್ಟವರು ಇವರೇ ಎಂದು ಅವರು ಸ್ನೇಹಿತರಿಗೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದರು. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯರಾದ ಗಂಡಸು ಇವರು.

1823ರ ಡಿಸೆಂಬರಿನಲ್ಲಿ ಮೇರಿಗೆ ಇನ್ನೊಂದು ಕಡಲ ಸರೀಸೃಪದ ಪೂರ್ಣ ಎಲುಬುಗೂಡು ಸಿಕ್ಕಿತು. ಸುಮಾರು ಒಂಬತ್ತು ಅಡಿ. ಬಿಡಿ ತುಣುಕುಗಳನ್ನು ನೋಡಿ ಕಾನಿಬೇರ್ ಮತ್ತು ಡೆ ಲಾ ಬೀಚ್ ಎಂಬ ಇಬ್ಬರು ಭೂವಿಜ್ಞಾನಿಗಳು ಎರಡು ವರ್ಷ ಮೊದಲೇ ಇದಕ್ಕೆ ಪ್ಲೀಸಿಯೋಸಾರಸ್ ಎಂದು ಹೆಸರಿಟ್ಟಿದ್ದರು. ಇಡೀ ಪ್ರಾಣಿಯನ್ನು ಕಂಡಾಗ ಎಲ್ಲರೂ ಬೆರಗಾದರು. ತಲೆ ಚಿಕ್ಕದು, ಕುತ್ತಿಗೆ ಹಾವಿನಷ್ಟು ಉದ್ದ. ಜಿರಾಫೆಯ ಕುತ್ತಿಗೆಯಲ್ಲಿಯೂ ಏಳೇ ಮೂಳೆಗಳಿರುವಾಗ ಇದರಲ್ಲಿ ಸುಮಾರು 35! ಚಿತ್ರ ನೋಡಿದ ಕುವಿಯೆ, ಬೇರೆ ಬೇರೆ ಪ್ರಾಣಿಗಳ ಎಲುಬನ್ನು ಜೋಡಿಸಿ ಮೋಸ ಮಾಡಿರಬಹುದೆಂದು ಸಂದೇಹಪಟ್ಟರು. ಯೂರೋಪಿನ ಅತ್ಯಂತ ದೊಡ್ಡ ಅಂಗರಚನಾ ತಜ್ಞರ ಬಾಯಿಂದ ಬಂದ ಮಾತದು. ಅದು ನಿಂತಿದ್ದರೆ ಆ ಇಪ್ಪತ್ತನಾಲ್ಕರ ಹೆಣ್ಣುಮಗಳ ಅಂಗಡಿ ಅಂದಿಗೇ ಮುಚ್ಚುತ್ತಿತ್ತು. ಯಾರ ಬಳಿ ಪದವಿಯಾಗಲಿ ಕುಲವಾಗಲಿ ಇಲ್ಲವೋ ಅವರಿಗೆ ನಂಬಿಕೆಯೊಂದೇ ಬಂಡವಾಳ.

ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ಚರ್ಚೆ ನಡೆಯಿತು. ಎಲುಬುಗಳು ಒಂದೇ ಪ್ರಾಣಿಯವು ಎಂದು ಖಚಿತವಾಯಿತು. ಕುವಿಯೆ ತಮ್ಮ ತಪ್ಪನ್ನು ಒಪ್ಪಿಕೊಂಡರು. 1824ರ ಫೆಬ್ರವರಿ 20ರಂದು ಕಾನಿಬೇರ್ ಅದೇ ಸಂಸ್ಥೆಯಲ್ಲಿ ಈ ಪ್ರಾಣಿಯ ಬಗ್ಗೆ ಪ್ರಬಂಧ ಓದಿದರು. ಮೇರಿಯ ಹೆಸರನ್ನು ಅವರು ಹೇಳಲಿಲ್ಲ. ಮೇರಿ ಆ ಸಭೆಯಲ್ಲಿ ಇರಲೂ ಇಲ್ಲ, ಇರುವ ಹಾಗೂ ಇರಲಿಲ್ಲ. ಆ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ.

ಈ ಪ್ರಬಂಧಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಶಿಕ್ಷಕಿಯಾಗಿ ಹೇಳದೆ ಇರಲಾರೆ. ಪುಸ್ತಕ ಕೊಳ್ಳಲು ಶಕ್ತಿಯಿಲ್ಲದ ಮೇರಿ ವಿದ್ವಾಂಸರ ಪ್ರಬಂಧಗಳನ್ನು ಎರವಲು ತಂದು, ಸಾಲುಸಾಲಾಗಿ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು. ಚಿತ್ರಗಳನ್ನೂ ಬಿಡುತ್ತಿರಲಿಲ್ಲ. ಕಾನಿಬೇರರ ಆ 1824ರ ಪ್ರಬಂಧದ ನಕಲೂ ಅವಳ ಕೈಬರಹದಲ್ಲಿದೆ. ತನ್ನ ಹೆಸರಿಲ್ಲದ ಪ್ರಬಂಧವನ್ನು ಅವಳು ಪೂರ್ತಿ ಬರೆದುಕೊಂಡಳು. ಕಲ್ಲಿನಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳಲು ಮೀನು ಮತ್ತು ಕಪ್ಪೆಬೊಂಡಾಸಗಳನ್ನು ಕೊಯ್ದು ನೋಡುತ್ತಿದ್ದಳು. ಬೆಲೆಮ್ನೈಟ್ ಎಂಬ ಕಲ್ಲಾದ ಜೀವಿಯೊಳಗೆ ಒಣಗಿದ ಮಸಿಚೀಲ ಇರುವುದನ್ನು ಅವಳು ಗುರುತಿಸಿದಳು. ಅವಳ ಗೆಳತಿ ಎಲಿಜಬೆತ್ ಫಿಲ್ಪಾಟ್ ಆ ಮಸಿಯನ್ನು ನೀರಲ್ಲಿ ಕಲಸಿ, ಅದರಿಂದಲೇ ಮೀನುಹಲ್ಲಿಯ ತಲೆಬುರುಡೆಯ ಚಿತ್ರ ಬರೆದರು. ಕೋಟ್ಯಂತರ ವರ್ಷ ಹಳೆಯ ಮಸಿ, ಅದೇ ಕಾಲದ ಪ್ರಾಣಿಯ ಚಿತ್ರ!

ಮೀನುಹಲ್ಲಿಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಉಂಡೆಗಲ್ಲುಗಳನ್ನು ಒಡೆದರೆ ಒಳಗೆ ಮೀನಿನ ಮುಳ್ಳು, ಹುರುಪೆ ಕಾಣುವುದನ್ನೂ ಅವಳೇ ಗಮನಿಸಿ ಹೇಳಿದ್ದು. ಅದು ಕಲ್ಲಾದ ಮಲ ಎಂದು ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ 1829ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಈ ಮಾತು ಬಂದಾಗ ಮಕ್ಕಳು ನಗುತ್ತಾರೆ, ನಗಲಿ. ಆದರೆ ಅಳಿದ ಪ್ರಾಣಿಯೊಂದು ಏನನ್ನು ತಿಂದಿತ್ತೆಂದು ಕಣ್ಣಾರೆ ತೋರಿಸುವ ಸಾಕ್ಷಿ ಅದು.

ಕೆಲಸ ಎಷ್ಟು ಅಪಾಯದ್ದೆಂಬುದು 1833ರ ಅಕ್ಟೋಬರಿನಲ್ಲಿ ತಿಳಿಯಿತು. ಬಂಡೆ ಕುಸಿದು, ಸದಾ ಜೊತೆಗಿರುತ್ತಿದ್ದ ಟ್ರೇ ಎಂಬ ನಾಯಿ ಅವಳ ಕಣ್ಣೆದುರೇ ಅಡಿಯಲ್ಲಿ ಸಿಕ್ಕಿ ಸತ್ತಿತು. ತಾನೂ ಕೂದಲೆಳೆಯಲ್ಲಿ ಪಾರಾದಳು. ಎರಡು ವರ್ಷಗಳ ನಂತರ ಕೂಡಿಟ್ಟ ಸುಮಾರು 300 ಪೌಂಡೂ ಕೆಟ್ಟ ಹೂಡಿಕೆಯಲ್ಲಿ ಹೋಯಿತು.

ವಿದ್ವಾಂಸರೆಲ್ಲ ಕೃತಘ್ನರಾಗಿದ್ದರೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಹಣ ಕಳೆದುಕೊಂಡಾಗ ಬಕ್‌ಲ್ಯಾಂಡ್ ಓಡಾಡಿ ವರ್ಷಕ್ಕೆ 25 ಪೌಂಡಿನ ವೇತನ ಸಿಗುವಂತೆ ಮಾಡಿದರು. ಡೆ ಲಾ ಬೀಚ್ 1830ರಲ್ಲಿ ಪ್ರಾಚೀನ ಡಾರ್ಸೆಟ್ಟಿನ ಕಡಲಿನ ಒಂದು ಚಿತ್ರ ಬರೆದು, ಮೀನುಹಲ್ಲಿಯು ಪ್ಲೀಸಿಯೋಸಾರಿನ ಕುತ್ತಿಗೆ ಕಚ್ಚಿದಂತೆ ತೋರಿಸಿ, ಅದರ ಮುದ್ರಿತ ಪ್ರತಿಗಳನ್ನು ಮಾರಿ ಬಂದ ಹಣವನ್ನು ಮೇರಿಗೆ ಕೊಟ್ಟರು. 1847ರ ಮಾರ್ಚ್ 9ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಸ್ತನದ ಕ್ಯಾನ್ಸರಿನಿಂದ ಮೇರಿ ತೀರಿಕೊಂಡಾಗ, ಜಿಯಲಾಜಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಅವರೇ ಅಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದರು. ಒಳಗೆ ಕಾಲಿಡಲು ಅವಕಾಶವಿಲ್ಲದವಳಿಗೆ ಒಳಗಿನಿಂದ ಸಂದ ಗೌರವ ಅದು.

ಆದ್ದರಿಂದ ಕೊರತೆಯಿದ್ದದ್ದು ಕರುಣೆಯಲ್ಲಲ್ಲ, ದಾಖಲೆಯಲ್ಲಿ. ಮ್ಯೂಸಿಯಂನ ಚೀಟಿಯಲ್ಲಿ ಕೊಟ್ಟವರ ಹೆಸರಿಗೆ ಜಾಗವಿತ್ತು, ಅಧ್ಯಯನ ಮಾಡಿದವರ ಹೆಸರಿಗೆ ಜಾಗವಿತ್ತು. ಮಣ್ಣಿಗೆ ಕೈ ಹಾಕಿದವರಿಗೆ ಒಂದು ಅಂಕಣವೇ ಇರಲಿಲ್ಲ. ಅವಳ ಜೀವಿತಕಾಲದಲ್ಲಿ ಅವಳ ಮಾತು ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು ಒಮ್ಮೆ ಮಾತ್ರ, 1839ರಲ್ಲಿ, ಒಂದು ಪುಟ್ಟ ಪತ್ರದ ಭಾಗವಾಗಿ. ಅದೂ ಪ್ರಾಚೀನ ಶಾರ್ಕ್ ಮೀನಿನ ವಿಷಯದಲ್ಲಿ ಇತರರು ಮಾಡಿದ್ದ ತಪ್ಪನ್ನು ತಿದ್ದಲು. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಈ ವರ್ಷ ತಿರುವಿದಾಗ ನನಗೆ ಇದು ನೆನಪಾಯಿತು. ತಂದೆಯ ಹೆಸರು, ಜಮೀನು, ಕಸುಬು, ಎಲ್ಲಕ್ಕೂ ಅಲ್ಲಿ ಅಂಕಣಗಳಿವೆ. ತಾಯಿಯ ಹೆಸರಿಗೆ ಬಹಳ ವರ್ಷಗಳವರೆಗೆ ಅಂಕಣವಿಲ್ಲ. ಯಾರೂ ದುರುದ್ದೇಶದಿಂದ ಹಾಗೆ ಮಾಡಿದ್ದಲ್ಲ. ಗೆರೆ ಎಳೆದವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಈಗ ನಮ್ಮ ನಾಡಿನ ಮಾತು. ನಮ್ಮ ಹೊಸೂರು ಸೀಮೆಯಲ್ಲಿ ಮೀನುಹಲ್ಲಿಯನ್ನು ಹುಡುಕಿ ಫಲವಿಲ್ಲ. ಶಾಲೆಯ ಹಿಂದಿನ ಬಂಡೆ ಇನ್ನೂರು ಕೋಟಿ ವರ್ಷಗಳಿಗಿಂತ ಹಳೆಯದು. ಅದು ಹುಟ್ಟಿದಾಗ ಎಲುಬಿನ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ. ಇದನ್ನು ಹೇಳಿದಾಗ ಪ್ರತಿ ವರ್ಷವೂ ಮಕ್ಕಳ ಮುಖ ಬಾಡುತ್ತದೆ. ಆದರೆ ನಮ್ಮದೇ ರಾಜ್ಯದ ಅರಿಯಲೂರು, ತಿರುಚಿರಾಪಳ್ಳಿ ಸೀಮೆಯ ಮೇಲೆ ಸುಮಾರು 10 ಕೋಟಿ ವರ್ಷಗಳ ಹಿಂದೆ ಕಡಲು ಹರಡಿತ್ತು. ಅಲ್ಲಿಯ ಸುಣ್ಣಗಲ್ಲು, ಜೇಡಿಮಣ್ಣುಗಳಲ್ಲಿ ಅಮೋನೈಟ್‌ಗಳು ಹೇರಳ. ಅಲ್ಲಿ ಸಿಕ್ಕ ಬೆನ್ನುಮೂಳೆಗಳನ್ನು ನೋಡಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಲಿಡೆಕ್ಕರ್ 1879ರಲ್ಲಿ ‘ಇಕ್ತಿಯೋಸಾರಸ್ ಇಂಡಿಕಸ್’ ಎಂಬ ಹೆಸರು ಕೊಟ್ಟರು. ಗುಜರಾತಿನ ಕಚ್ಛದ ಲೋಡಾಯಿ ಎಂಬ ಹಳ್ಳಿಯ ಬಳಿ ಸಿಕ್ಕ, ಸುಮಾರು ಐದೂವರೆ ಮೀಟರ್ ಉದ್ದವಿದ್ದಿರಬಹುದಾದ ಮೀನುಹಲ್ಲಿಯ ಬಹುಪಾಲು ಪೂರ್ಣವಾದ ಎಲುಬುಗೂಡಿನ ವಿವರವನ್ನು ದೆಹಲಿ ವಿಶ್ವವಿದ್ಯಾಲಯದ ಜಿ.ವಿ.ಆರ್. ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಮೀನುಹಲ್ಲಿ ಇಂಗ್ಲೆಂಡಿನ ಸ್ವತ್ತೇನೂ ಅಲ್ಲ.

ಮೇರಿಯ ಹೆಸರು ಒಂದು ಮೀನುಹಲ್ಲಿಗೆ ಸಂದದ್ದು ಎರಡು ಶತಮಾನಗಳು ಕಳೆದ ಮೇಲೆ. ಇಂಗ್ಲೆಂಡಿನ ಡಾಂಕಾಸ್ಟರ್ ಊರಿನ ಮ್ಯೂಸಿಯಂನಲ್ಲಿ ಒಂದು ಎಲುಬುಗೂಡು ಬಹಳ ಕಾಲದಿಂದ ಬಿದ್ದಿತ್ತು. ಪ್ಲಾಸ್ಟರಿನ ಅಚ್ಚು ಎಂದೇ ಎಲ್ಲರೂ ಭಾವಿಸಿದ್ದರು. 2008ರಲ್ಲಿ ಡೀನ್ ಲೋಮ್ಯಾಕ್ಸ್ ಎಂಬ ತರುಣ ಅದನ್ನು ಕೆದಕಿ ನೋಡಿ ನಿಜವಾದ ಪಳೆಯುಳಿಕೆಯೆಂದು ಗುರುತಿಸಿದರು. ಅದು ಬೇರೆಯೇ ಪ್ರಭೇದವೆಂದು ತೀರ್ಮಾನವಾಗಿ, 2015ರಲ್ಲಿ ಅದಕ್ಕೆ ‘ಇಕ್ತಿಯೋಸಾರಸ್ ಆ್ಯನಿಂಗೇ’ ಎಂದು ನಾಮಕರಣವಾಯಿತು. ಲೈಮ್ ರೀಜಿಸ್‌ನಲ್ಲಿ ಅವಳ ಪ್ರತಿಮೆ ನಿಂತದ್ದು 2022ರ ಮೇ 21ರಂದು, ಅವಳ ಹುಟ್ಟುಹಬ್ಬದ ದಿನ. ಪಕ್ಕದಲ್ಲಿ ನಾಯಿ ಟ್ರೇ ಕೂಡ ಇದೆ. ತಮ್ಮೂರ ಬಳಿಯಲ್ಲಿ ಇಂಥವಳಿಗೆ ಪ್ರತಿಮೆಯೇಕಿಲ್ಲ ಎಂದು ಕೇಳಿ ಆ ಕೆಲಸಕ್ಕೆ ಮೊದಲು ಚಾಲನೆ ಕೊಟ್ಟವಳು ಶಾಲೆಗೆ ಹೋಗುವ ಒಬ್ಬ ಹುಡುಗಿ.

ನಮ್ಮ ಬೀರುವಿನ ಸುರುಳಿಗಲ್ಲನ್ನು ಒರೆಸಿ ಮತ್ತೆ ಅದೇ ಮೂಲೆಯಲ್ಲಿಟ್ಟಿದ್ದೇವೆ. ಚೀಟಿಯನ್ನು ಬದಲಾಯಿಸಿಲ್ಲ. ಅರಿಯಲೂರಿನ ಸುಣ್ಣಗಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ತಂದುಕೊಟ್ಟರೆಂದು ನಿವೃತ್ತ ಅಧ್ಯಾಪಕರೊಬ್ಬರು ನೆನಪಿಸಿಕೊಳ್ಳುತ್ತಾರೆ. ಅಲ್ಲ, ಶಾಲಾ ಪ್ರವಾಸಕ್ಕೆ ಹೋಗಿದ್ದಾಗ ಹುಡುಗಿಯೊಬ್ಬಳು ಹೊಲದ ಬದುವಿನಿಂದ ಆರಿಸಿದ್ದು ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಸಂಚಿಕೆಯನ್ನು ಓದುವ ಹಿರಿಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ನಿಜ ಸಂಗತಿ ತಿಳಿದಿದ್ದರೆ, ದಯವಿಟ್ಟು ಶಾಲೆಗೆ ಒಂದು ಪತ್ರ ಬರೆಯಿರಿ, ಅಥವಾ ಬಂದು ಹೇಳಿ. ಚೀಟಿಯಲ್ಲಿ ಜಾಗ ಇದೆ.